ಶೇವಂತಕ್ಕ ಹಾಡದೆ ನಿಂತ ದಿನ

ಅರಮನೆಯ ಚಿತ್ರ ಬರೆದ ನಮ್ಮ ನಾಟಕದ ಪರದೆಯಲ್ಲಿ, ಎಡದಿಂದ ಮೂರನೆಯ ಕಂಬದ ನಡುವೆ, ನಿಂಬೆಹಣ್ಣಿನಷ್ಟು ಅಗಲದ ಒಂದು ತೂತಿತ್ತು. ಕಂಬಕ್ಕೆ ಸುತ್ತಿದಂತೆ ಬರೆದ ಬಳ್ಳಿಗಳಲ್ಲಿ ಅದು ಪ್ರೇಕ್ಷಕರಿಗೆ ಕಾಣುತ್ತಿರಲಿಲ್ಲ. ನಾನು ಎರಡು ವರ್ಷ ಅದಕ್ಕೆ ಬೆನ್ನು ಕೊಟ್ಟು ನಿಂತು, ಅದರೊಳಗಿಂದ ಬರುತ್ತಿದ್ದ ಹಾಡಿಗೆ ತುಟಿ ಆಡಿಸಿದೆ.

ಆ ದನಿ ಶೇವಂತಕ್ಕನದು. ಭಿತ್ತಿಪತ್ರಗಳಲ್ಲಿ 'ಶೇವಂತಿಬಾಯಿ' ಎಂಬ ಹೆಸರು ನಾಟಕದ ಹೆಸರಿಗಿಂತ ದಪ್ಪಕ್ಷರದಲ್ಲಿ ಅಚ್ಚಾಗುತ್ತಿದ್ದ ಕಾಲವೊಂದಿತ್ತು. ಹನ್ನೊಂದನೆಯ ವಯಸ್ಸಿಗೇ ನಾಟಕ ಕಂಪನಿ ಸೇರಿ, ಮುಂದೆ ಇಪ್ಪತ್ತೆರಡು ವರ್ಷ ರಾಣಿಯ ಪಾತ್ರ ಮಾಡಿದಾಕೆ. ಆಕೆ ಮೇಲಿನ ಸ್ವರಕ್ಕೆ ಏರಿದರೆ ಹಿಂದೆ ನೆಲದ ಮೇಲೆ ಕೂತವರು ಶೇಂಗಾ ಸುಲಿಯುವುದನ್ನೂ ಮರೆಯುತ್ತಿದ್ದರಂತೆ. ಒಂದು ಬೆಳಿಗ್ಗೆ ಏಳುವಾಗ ಆಕೆಯ ಮುಖದ ಬಲಭಾಗ ಸತ್ತುಹೋಗಿತ್ತು. ಬಾಯಿ ವಾರೆಯಾಯಿತು, ಒಂದು ಕಣ್ಣು ಪೂರ್ತಿ ಮುಚ್ಚದಾಯಿತು. ಪ, ಬ, ಮ ಅಕ್ಷರಗಳನ್ನು ಆರು ತಿಂಗಳು ಹೆಣಗಿ ಮಗುವಿನಂತೆ ಮರಳಿ ಕಲಿತಳು. ಕಂಠಕ್ಕೆ ಮಾತ್ರ ಏನೂ ಆಗಿರಲಿಲ್ಲ.

"ಜನ ಬರೂದು ನೋಡಾಕ, ಕೇಳಾಕಲ್ಲ," ಎಂದ ಕಂಪನಿಯ ಮಾಲೀಕ ಗುರುಸಿದ್ಧಪ್ಪ, ಆಕೆಯನ್ನು ಪರದೆಯ ಹಿಂದಕ್ಕೆ ಕಳಿಸಿದ. ಮುಂದೆ ನಿಲ್ಲಿಸಲು ಒಂದು ಚಂದದ ಮುಖ ಬೇಕಿತ್ತು. ಹದಿನೆಂಟರ ನಾನು ಸಿಕ್ಕಿದೆ.

ಮೊದಲ ದಿನ ಶೇವಂತಕ್ಕ ನನ್ನ ಅಂಗೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ತುಟಿ ಆಡಿಸಿದರ ಸಾಲದು. ಉಸಿರು ನನ್ನ ಜೋಡಿನೇ ತಗೋಬೇಕು. ಇಲ್ಲಾಂದ್ರ ಮುಂದಿನ ಸಾಲಿನವರು ಕಂಡುಹಿಡೀತಾರ."

ಉಸಿರಿಗೆಂದು ಶುರುವಾದ ಮುಂಜಾನೆಯ ಪಾಠ ಮೆಲ್ಲಗೆ ಸ್ವರಕ್ಕೆ ಬಂತು. ನಾನು ಅಂಜುತ್ತ ಹಾಡಿದಾಗ ಆಕೆ ನಕ್ಕಳು. "ಆಡಿನ ದನಿ ನಿಂದು. ಇರಲಿ, ಆಡು ಸುಳ್ಳು ಒದರೂದಿಲ್ಲ. ಕಲಿಸಬಹುದು."

ಹೀಗೆ ಎರಡು ವರ್ಷ ಕಳೆಯಿತು. ಹೂಮಾಲೆ ನನ್ನ ಕೊರಳಿಗೆ ಬೀಳುತ್ತಿತ್ತು. ನಾನದನ್ನು ಒಮ್ಮೆಯೂ ಆಕೆಗೆ ಒಪ್ಪಿಸಲಿಲ್ಲ. ಒಪ್ಪಿಸಬೇಕೆಂದು ಹೊಳೆಯಲೂ ಇಲ್ಲವೆಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಒಂದು ಭಾನುವಾರದ ಹಗಲಾಟದಲ್ಲಿ ಊರ ಹಿರಿಯರು ನನಗೆ 'ಗಾನಕೋಗಿಲೆ' ಎಂಬ ಬಿರುದು ಕೊಟ್ಟರು. ಅಧ್ಯಕ್ಷರಾಗಿದ್ದ ವಕೀಲರು ಶಾಲು ಹೊದಿಸಿ, "ಇಂಥ ಕಂಠವನ್ನು ಈ ಊರು ಕೇಳಿರಲಿಲ್ಲ. ಒಂದು ಹಾಡಾಗಲಿ ತಾಯಿ," ಎಂದರು. ನಾನು ಹಿಂದೆ ಸರಿದು ಪರದೆಯ ಮೂರನೆಯ ಕಂಬದ ಮುಂದೆ ನಿಂತೆ. ಹಾರ್ಮೋನಿಯಂ ಶ್ರುತಿ ಹಿಡಿಯಿತು. ನಾನು ಬಾಯಿ ತೆರೆದೆ.

ಹಾಡು ಬರಲಿಲ್ಲ.

ತಿರುಗಿ ನೋಡಿದೆ. ತೂತಿನಲ್ಲಿ ಆಕೆಯ ಮುಚ್ಚಲಾಗದ ಕಣ್ಣು ನನ್ನನ್ನೇ ನೋಡುತ್ತಿತ್ತು. ಪಕ್ಕದಲ್ಲಿ ಗುರುಸಿದ್ಧಪ್ಪ ಹಲ್ಲು ಕಚ್ಚಿ, "ಗಂಟಲು ಕೆಟ್ಟದ ಅನ್ನು!" ಎಂದು ಪಿಸುಗುಟ್ಟಿದ. ಅಷ್ಟು ಹೇಳಿದ್ದರೆ ನಾನು ಉಳಿಯುತ್ತಿದ್ದೆ. ಆದರೆ ಆ ಕಣ್ಣಿನ ಎದುರು ಇನ್ನೊಂದು ಸುಳ್ಳು ನನ್ನಿಂದಾಗಲಿಲ್ಲ.

"ಇಲ್ಲೀತನಕ ನಾನು ಹಾಡಿಲ್ಲ," ಎಂದೆ. ನಡುಗುವ ಆಡಿನ ದನಿಯಲ್ಲೇ ಎಂದೆ. "ಹಾಡಿದಾಕಿ ಹಿಂದ ನಿಂತಾಳ." ಹೋಗಿ ಪರದೆಯ ಹಗ್ಗ ಜಗ್ಗಿದೆ.

ಅರಮನೆ ಸುರುಳಿ ಸುತ್ತಿಕೊಂಡು ಮೇಲೇರಿತು. ಮಾಸಿದ ಇಲಕಲ್ ಸೀರೆಯುಟ್ಟ ಶೇವಂತಕ್ಕ ಹಗಲು ಬೆಳಕಿನಲ್ಲಿ ನಿಂತಿದ್ದಳು. ಯಾರೋ ಸಿಳ್ಳೆ ಹೊಡೆದರು, ಯಾರೋ ನಕ್ಕರು. ಆಕೆ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಾಳೆಂದುಕೊಂಡೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೇರ ಮುಂದೆ ಬಂದಳು. ವಕೀಲರು ಗಡಿಬಿಡಿಯಿಂದ ನನ್ನ ಶಾಲನ್ನು ತೆಗೆದು ಆಕೆಯತ್ತ ಚಾಚಿದರು.

"ಶಾಲು ಆಮ್ಯಾಲ. ಮೊದಲ ಕುಂತು ಕೇಳ್ರಿ."

ವಕೀಲರು ಕೂತರು. ಆಕೆ ಹಾಡಿದಳು. ವಾರೆ ಬಾಯಿಯಿಂದ, ಸಭೆಯ ಒಬ್ಬೊಬ್ಬರನ್ನೂ ದಿಟ್ಟಿಸುತ್ತ, ಮುಗಿಯುವ ತನಕ ಹಾಡಿದಳು. ಆಮೇಲೆ ಯಾರೂ ನಗಲಿಲ್ಲ.

ಸಂಜೆಯೊಳಗೆ ಗುರುಸಿದ್ಧಪ್ಪ ನಮ್ಮಿಬ್ಬರ ಟ್ರಂಕುಗಳನ್ನೂ ಹೊರಗಿಡಿಸಿದ. ಅವುಗಳ ಮೇಲೆ ಕೂತು ಕೇಳಿದೆ: "ಯಾಕಕ್ಕಾ ಹಾಡಲಿಲ್ಲ? ನನಗ ಪಾಠ ಕಲಿಸಾಕೇನು?"

"ಪಾಠ ಏನೂ ಇಲ್ಲವ್ವ. ಆ ಶಾಲು ನಿನ್ನ ಹೆಗಲಿಗೆ ಬಿದ್ದಾಗ ಹೊಟ್ಟಿ ಉರೀತು. ಎರಡು ವರ್ಷ ತಡಕೊಂಡಿದ್ದೆ, ಇವತ್ತ ಆಗಲಿಲ್ಲ. ನೀ ಹಗ್ಗ ಜಗ್ಗತೀ ಅಂತ ನನಗೇನು ಗೊತ್ತು?" ಎಂದವಳೇ ನನ್ನ ಬೆನ್ನಿಗೊಂದು ಗುದ್ದಿ ನಕ್ಕಳು.

ಬೇರೆ ಕಂಪನಿಗಳು ಆಕೆಯನ್ನು ಮತ್ತೆ ಪರದೆಯ ಹಿಂದಕ್ಕೇ ಕರೆದವು. ಆಕೆ ಹೋಗಲಿಲ್ಲ. ಹಿಟ್ಟಿನ ಗಿರಣಿಯ ಮೌಲಾಸಾಬರು ತಮ್ಮ ಅಟ್ಟ ಬಿಟ್ಟುಕೊಟ್ಟರು. ಅಲ್ಲಿ ಹೆಣ್ಣುಮಕ್ಕಳಿಗೆ ಹಾಡು ಕಲಿಸುತ್ತೇನೆಂದು ತಾನೇ ಬೋರ್ಡು ಬರೆದು ತೂಗುಹಾಕಿದಳು. "ನಾಟಕದಾಕಿ, ಅದರಾಗ ಸೊಟ್ಟ ಬಾಯಿ," ಎಂದು ಊರು ಮೂಗು ಮುರಿಯಿತು. ಎಂಟು ತಿಂಗಳು ನಾನೊಬ್ಬಳೇ ಶಿಷ್ಯೆ. ಆಮೇಲೆ ಮೌಲಾಸಾಬರ ಮೊಮ್ಮಗಳು ಬಂದಳು, ಅವಳ ಗೆಳತಿಯರು ಬಂದರು. ವಕೀಲರ ಮಗಳೂ ಬಂದಳು.

ಕೆಳಗೆ ಗಿರಣಿಯ ಸದ್ದು ನಿಲ್ಲುತ್ತಲೇ ಇರಲಿಲ್ಲ. ಒಮ್ಮೆ ನಾವು ಇಪ್ಪತ್ತು ಹುಡುಗಿಯರು ಹಾಡುತ್ತಿದ್ದಾಗ ಅದು ಥಟ್ಟನೆ ನಿಂತಿತು. ಶೇವಂತಕ್ಕ ಕಿಟಕಿಯಿಂದ ಬಾಗಿದಳು. ರೆಪ್ಪೆಗೆಲ್ಲ ಹಿಟ್ಟು ಮೆತ್ತಿಕೊಂಡ ಮೌಲಾಸಾಬರು ಕೆಳಗೆ ನಿಂತು, "ಮಕ್ಕಳು ಚಲೋ ಹಾಡಾಕ ಹತ್ಯಾರ, ಅದಕ್ಕ ಬಂದ್ ಮಾಡೀನ್ರಿ," ಎಂದರು.

"ಚಾಲೂ ಮಾಡ್ರಿ ಸಾಹೇಬರ! ನನ್ನ ಹುಡುಗ್ಯಾರು ಅದರ ಮ್ಯಾಲ ಹಾಡ್ತಾರ."

ಗಿರಣಿಯ ಪಟ್ಟಿ ಮತ್ತೆ ತಿರುಗಿತು. ನಮ್ಮ ಪಾದಗಳ ಕೆಳಗೆ ಹಲಗೆ ನಡುಗತೊಡಗಿತು. ಆಕೆ ಕೈಯೆತ್ತಿದಳು, ನಾವೆಲ್ಲ ಒಟ್ಟಿಗೆ ಉಸಿರೆಳೆದುಕೊಂಡೆವು.