ಮುಟ್ಟದ ಕಾಫಿ

ಗುರುವಾರ ಮೇಲ್ಕೇರಿಗೆ ನೀರು ಬರುವ ದಿನ. ವಾರಕ್ಕೊಮ್ಮೆ ಬರುವ ನೀರು ಅದು. ಬೆಳಗಿನಿಂದಲೇ ಮನೆಮನೆಯಲ್ಲೂ ರಗ್ಗು ಒಗೆಯುವ, ಮಹಡಿಯ ಟ್ಯಾಂಕ್ ತುಂಬಿಸುವ ಗಡಿಬಿಡಿ. ರುದೈನಾ ಮಾತ್ರ ಆ ಸದ್ದು ಕೇಳಲಾರದೆ ಕಿಟಕಿ ಮುಚ್ಚಿದಳು. ನೀರು ಸರಬರಾಜು ನಿಗಮದ ಮುಖ್ಯ ಕಾರ್ಯನಿರ್ವಾಹಕಿಯಾಗಿ ರಾಜಧಾನಿ ಅಮ್ಮಾನಿನಿಂದ ತನ್ನೂರಿಗೇ ಬಂದವಳು ಅವಳು. ಬೆಟ್ಟದ ಬುಡದ ಕೆಳಕೇರಿಗೆ ವಾರಗಟ್ಟಲೆಯಿಂದ ತೊಟ್ಟು ನೀರಿಲ್ಲ. ಕಾರಣ ನಿನ್ನೆ ಗೊತ್ತಾಗಿತ್ತು. ಅವಳ ಸ್ವಂತ ದೊಡ್ಡಪ್ಪ ನವ್ವಾಫ್ ಮುಖ್ಯ ಕೊಳವೆಗೆ ಕಳ್ಳ ನಲ್ಲಿ ಹಾಕಿಸಿ, ಟ್ಯಾಂಕರುಗಳಲ್ಲಿ ನೀರು ತುಂಬಿಸಿ ಮಾರುತ್ತಿದ್ದರು. ನಾಳೆಯೇ ಅದನ್ನು ಕತ್ತರಿಸಿ ಎಂದು ಅವಳು ಆದೇಶ ಕೊಟ್ಟಾಗಿತ್ತು.

ಸಂಜೆ ದೊಡ್ಡಪ್ಪ ಊರಿನ ಹಿರಿಯರನ್ನು ಕಟ್ಟಿಕೊಂಡು ನಿಯೋಗವಾಗಿ ಮನೆಗೇ ಬಂದರು. ರುದೈನಾಳ ತಾಯಿ ಏಲಕ್ಕಿ ಹಾಕಿದ ಕಹಿ ಕಾಫಿ ಬಗ್ಗಿಸಿ ಕೊಟ್ಟಳು. ಬಂದವರು ಬಟ್ಟಲುಗಳನ್ನು ತೆಗೆದುಕೊಂಡು, ಮುಟ್ಟದೆ, ಮುಂದೆ ಇಟ್ಟುಕೊಂಡರು. ಕೇಳಿದ್ದನ್ನು ಕೊಡುವವರೆಗೆ ಕುಡಿಯುವುದಿಲ್ಲ ಎಂದು ಅದರರ್ಥ. ಹಾಗೆ ಇಟ್ಟ ಕಾಫಿ ಆರಿಹೋದರೆ ಮನೆಯ ಮಾನ ಹೋದ ಹಾಗೆಯೇ.

"ಊರಲ್ಲಿ ಕಳ್ಳ ನಲ್ಲಿ ಬೇಕಾದಷ್ಟಿವೆ, ಮಗಳೇ. ಮೊದಲು ನನ್ನದೇ ಕಣ್ಣಿಗೆ ಬೀಳಬೇಕಿತ್ತಾ?" ಎಂದರು ದೊಡ್ಡಪ್ಪ. "ಮನೆಯವರಿಗೆ ಅಷ್ಟೂ ಉಪಯೋಗ ಇಲ್ಲ ಅಂದ್ಮೇಲೆ ಆ ಕುರ್ಚಿ ಯಾಕೆ?"

"ನಿಮ್ಮದನ್ನ ಬಿಟ್ಟು ಬೇರೆಯವರ ಬಾಗಿಲಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ, ದೊಡ್ಡಪ್ಪ? ಈ ಮನೇದು ಏನು ಬೇಕಾದ್ರೂ ಕೇಳಿ, ಕೊಡ್ತೀನಿ. ನೀರು ಈ ಮನೇದಲ್ಲ."

ಬಂದವರೆಲ್ಲ ಎದ್ದು ಹೊರಟೇಬಿಟ್ಟರು. ತುಂಬಿದ ಬಟ್ಟಲುಗಳನ್ನು ಎತ್ತುತ್ತ ತಾಯಿ ಅತ್ತಳು. ನಿನ್ನಪ್ಪನ ಕಾಲದಲ್ಲಿ ಈ ಮನೆಯಿಂದ ಒಬ್ಬರೂ ಹೀಗೆ ಎದ್ದು ಹೋಗಿರಲಿಲ್ಲ, ನಾಳೆ ಯಾರಿಗೆ ಮುಖ ತೋರಿಸಲಿ ಎಂದಳು. ರುದೈನಾಳಿಗೂ ಕಣ್ಣು ತುಂಬಿತು, ಆದರೆ ಆದೇಶ ಬದಲಿಸುವ ಯೋಚನೆ ಬರಲಿಲ್ಲ.

ಬೆಳಿಗ್ಗೆ, ಪೊಲೀಸರನ್ನು ಕರೆಸೋಣ ಮೇಡಂ, ಎಂದ ಎಂಜಿನಿಯರ್. ಅವಳು ಬೇಡವೆಂದಳು. ಪೊಲೀಸರು ಕತ್ತರಿಸಿದ ನಲ್ಲಿಯನ್ನು ದೊಡ್ಡಪ್ಪ ಹಟಕ್ಕೆ ಬಿದ್ದು ಮತ್ತೆ ಜೋಡಿಸುತ್ತಾರೆ, ಅವರೇ ಒಪ್ಪಿ ತೆಗೆಸಿದರೆ ಜೋಡಿಸುವುದಿಲ್ಲ. ಒಪ್ಪದಿದ್ದರೆ ಪೊಲೀಸರು ಇದ್ದೇ ಇದ್ದಾರೆ. ನಲ್ಲಿ ಕತ್ತರಿಸಲು ಬಂದ ನಿಗಮದ ಕೆಲಸದವರನ್ನು ದೊಡ್ಡಪ್ಪನ ಬಾಗಿಲ ಹೊರಗೆ ನಿಲ್ಲಿಸಿ, ಕೆಳಕೇರಿಯ ಮುದುಕಿ ಉಮ್ಮ್ ಖಲಫ್‌ಳನ್ನು ಕರೆದುಕೊಂಡು ಒಳಗೆ ಹೊರಟಳು. ತಿರುಗಿ ನೋಡಿದರೆ ಹಿಂದೆ ತಾಯಿ! ಶಾಲು ಹೊದ್ದು ಏದುಸಿರು ಬಿಡುತ್ತ ಬಂದಿದ್ದಳು.

"ನಿಯೋಗ ಬರೋದಿದ್ರೆ ಮನೆಯ ಹಿರಿಯರೊಬ್ಬರು ಜೊತೆಗಿರಬೇಕು. ಅಷ್ಟೂ ಗೊತ್ತಾಗಲ್ವಾ ನಿನಗೆ?" ಎಂದು ಗದರಿದಳು.

ಹೆಂಗಸರೇ ನಿಯೋಗ ಬಂದದ್ದು ಕಂಡು ದೊಡ್ಡಪ್ಪ ನಕ್ಕುಬಿಟ್ಟರು. ಆದರೂ ಬಂದವರಿಗೆ ಕಾಫಿ ಕೊಡದಿರುವುದುಂಟೇ? ತಾವೇ ಬಗ್ಗಿಸಿದರು. ಮೂವರೂ ಬಟ್ಟಲು ತೆಗೆದುಕೊಂಡರು. ಮೂವರೂ ಮುಟ್ಟದೆ ಮುಂದೆ ಇಟ್ಟುಕೊಂಡರು. ದೊಡ್ಡಪ್ಪನ ನಗು ನಿಂತಿತು.

"ನನ್ನ ಸೊಸೆ ಹೆತ್ತಿದ್ದಾಳೆ, ಹಾಜಿ," ಎಂದಳು ಉಮ್ಮ್ ಖಲಫ್. "ಕೂಸಿಗೆ ನೀರು ಹಾಕೋಕೆ ನಿನ್ನ ಟ್ಯಾಂಕರ್ ನೀರನ್ನೇ ಕೊಂಡ್ಕೊಂಡೆ. ನಮ್ಮ ನೀರೇ ಅದು ಅಂತ ಆಗ ಗೊತ್ತಿರಲಿಲ್ಲ."

ದೊಡ್ಡಪ್ಪ ತಲೆ ತಗ್ಗಿಸಿದರು. ತಮ್ಮನ ಹೆಂಡತಿ ತಮ್ಮ ಮನೆಯಲ್ಲಿ ಕಾಫಿ ಮುಟ್ಟದೆ ಕೂತಿದ್ದಾಳೆ. ಅದು ಅವರಿಗೆ ಚೆನ್ನಾಗಿಯೇ ನಾಟಿತು.

"ಆ ನಲ್ಲಿ ತೆಗೆಸ್ಬೇಕು. ನಿಗಮದ ದಂಡಾನೂ ಕಟ್ಬೇಕು, ದೊಡ್ಡಪ್ಪ," ಎಂದಳು ರುದೈನಾ. "ಅದರಲ್ಲಿ ಕಡಿಮೆ ಮಾಡೋ ಅಧಿಕಾರ ನನಗಿಲ್ಲ."

ದೊಡ್ಡಪ್ಪ ಕಾಫಿಯ ಹೂಜಿಗೆ ಕೈಹಾಕಿದರು. ಅದನ್ನೆತ್ತಿಕೊಂಡು ಬಾಗಿಲಿಗೆ ಹೋಗಿ, ಹೊರಗೆ ನಿಂತ ಕೆಲಸದವರನ್ನು ಒಳಗೆ ಕರೆದರು. ಎಲ್ಲರಿಗೂ ಬಗ್ಗಿಸಿ, ರುದೈನಾಳ ಮುಂದೆ ಬಂದು ನಿಂತರು.

"ಕುಡಿ, ಮಗಳೇ. ಕೇಳೋಕೆ ಬಂದದ್ದನ್ನ ಕೊಟ್ಟಾಯ್ತು."