ಅರ್ಧಕ್ಕೆ ನಿಂತ ಪ್ರಸಂಗ

ಹುಣಸೂರಿನ ನಮ್ಮ ಚರ್ಚಿನಲ್ಲಿ ನಾನು ಕೂರುವ ಬೆಂಚಿನಿಂದ ಗೇಟಿಗೆ ನಲವತ್ತು ಹೆಜ್ಜೆ. ಮೂವತ್ತು ವರ್ಷ ಸರ್ಕಾರಿ ನರ್ಸಾಗಿ ಹಳ್ಳಿ ಹಳ್ಳಿ ಸುತ್ತಿದವಳು ನಾನು, ನಡೆಯುವುದಕ್ಕೆ ಸೋಮಾರಿಯಲ್ಲ. ಆ ನಲವತ್ತು ಹೆಜ್ಜೆಯನ್ನೂ ಪ್ರತಿ ಭಾನುವಾರ ನಡೆದಿದ್ದೇನೆ, ಸೊಪ್ಪು ಕೊಳ್ಳುವುದಕ್ಕೆ. ಅಷ್ಟಕ್ಕೆ ಮಾತ್ರ.

ಗೇಟಿನಾಚೆ ಚಿಕ್ಕಸಿದ್ದಮ್ಮ ಕೂರುತ್ತಿದ್ದಳು. ಗಾವಡಗೆರೆ ಹತ್ತಿರದ ಹಳ್ಳಿಯವಳು. ಬೆಳಗಿನ ಮೊದಲ ಬಸ್ಸಿಗೆ ದಂಟು, ಕೀರೆ, ಸಬ್ಬಸಿಗೆ ತಂದು ಕಾಂಪೌಂಡಿನ ನೆರಳಲ್ಲಿ ಗೋಣಿಚೀಲ ಹಾಸುವಳು. ಹತ್ತು ಹನ್ನೆರಡು ವರ್ಷದಿಂದ ಅದೇ ಜಾಗ. ಕಂಬಕ್ಕೆ ಕಟ್ಟಿದ ನಮ್ಮ ಹಾರ್ನ್ ಸ್ಪೀಕರ್ ಅವಳ ತಲೆಯ ಮೇಲೇ ಇತ್ತು. ಹಾಗಾಗಿ ಹಾಡು, ಪ್ರಾರ್ಥನೆ, ಪಾದ್ರಿ ಅಯ್ಯನವರ ಪ್ರಸಂಗ ಎಲ್ಲವೂ ನಮಗಿಂತ ಜೋರಾಗಿ ಅವಳಿಗೇ ಕೇಳಿಸುತ್ತಿತ್ತು. ಸೊಪ್ಪಿಗೆ ನೀರು ಚಿಮುಕಿಸುತ್ತಾ ನಮ್ಮ ಕೀರ್ತನೆಗಳನ್ನು ಗುನುಗುತ್ತಿದ್ದಳು. ರಾಗದಲ್ಲಿ ನಮ್ಮ ಹಾಡುವ ತಂಡದವರು ಅವಳಿಂದ ಪಾಠ ಹೇಳಿಸಿಕೊಳ್ಳಬಹುದಿತ್ತು.

ಒಳಗೆ ಬಾ ಎಂದು ಅವಳನ್ನು ಒಬ್ಬರೂ ಕರೆಯಲಿಲ್ಲ. ಹಾಗಂತ ನಾವು ಸುವಾರ್ತಾ ಸೇವೆ ಬಿಟ್ಟವರೇನಲ್ಲ. ಎಲ್ಲೋ ಉತ್ತರದ ಕಾಡುಗಳಲ್ಲಿ ಸುವಾರ್ತೆ ಸಾರುವವರಿಗೆ ಎಂದು ತಿಂಗಳಿಗೊಂದು ಸಲ ಕಾಣಿಕೆ ಪೆಟ್ಟಿಗೆ ತಿರುಗಿಸುತ್ತೇವೆ, ಅದನ್ನು ಹಿಡಿದು ತಿರುಗುವವಳು ನಾನೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಮಾತನ್ನು ನಮ್ಮನ್ನು ನೋಡಿಯೇ ಕಟ್ಟಿರಬೇಕು.

ಅವಳಿಗೆ ಒಬ್ಬನೇ ಮಗ, ಮಾದೇವ. ಕುಡಿತದವನು. ಎರಡು ವರ್ಷದ ಹಿಂದೆ, ಅವಳು ಸೊಪ್ಪು ಮಾರಲು ಬಂದಿದ್ದ ಒಂದು ಭಾನುವಾರ, ಅವಳು ಕರುವಿನಿಂದ ಸಾಕಿದ್ದ ಎಮ್ಮೆಯನ್ನು ಮಾರಿಕೊಂಡು ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗಿಬಿಟ್ಟ. "ನನ್ ಪಾಲ್ಗೆ ಅವ್ನು ಸತ್ತ ಕಣ್ರವ್ವ" ಎಂದು ನನ್ನ ಹತ್ತಿರ ಹೇಳಿದ್ದಳು. ಹಾಗೆ ಹೇಳಿದವಳು, ಕೊಡಗಿನ ಕಡೆಯ ಬಸ್ಸು ಬಂದರೆ ತಲೆಯೆತ್ತಿ ನೋಡದೆ ಇರುತ್ತಿರಲಿಲ್ಲ.

ಆವತ್ತಿನ ಭಾನುವಾರ ಅಯ್ಯನವರು ಯೇಸುಸ್ವಾಮಿ ಹೇಳಿದ ಒಂದು ಕಥೆ ತೆಗೆದರು. ಅಪ್ಪನಿಗೆ ಇಬ್ಬರು ಗಂಡುಮಕ್ಕಳು. ಚಿಕ್ಕವನು ಹಠ ಹಿಡಿದು ಪಾಲು ತಗೊಂಡು ದೇಶಾಂತರ ಹೋದ, ಎಲ್ಲವನ್ನೂ ಕುಡಿದು ಕುಣಿದು ಕಳೆದ, ಕೊನೆಗೆ ಹಂದಿ ಮೇಯಿಸುವ ಕೆಲಸಕ್ಕೆ ಸೇರಿ ಹೊಟ್ಟೆಗಿಲ್ಲದೆ ಮನೆ ಕಡೆ ಹೊರಟ. ನಮ್ಮ ಅಯ್ಯನವರು ಕಥೆ ಹೇಳಿದರೆ ಊರಲ್ಲೇ ನಡೆದ ಹಾಗಿರುತ್ತದೆ. ಮಗ ದೂರದಲ್ಲಿ ಬರುತ್ತಿರುವುದು ಅಪ್ಪನ ಕಣ್ಣಿಗೆ ಬಿತ್ತು ಎನ್ನುವಲ್ಲಿಗೆ ಬಂದಾಗ, ನಮ್ಮ ಸೆಕ್ರೆಟರಿ ಕಾಂತರಾಜ್ ದಡಬಡ ಎದ್ದು ಹೋಗಿ ಹಾರ್ನಿನ ವೈರು ಕಿತ್ತರು. ಗೇಟಿನ ಹತ್ತಿರ ಯಾರೋ ಬೈಕಿನವನು ಮೊಬೈಲ್ ಎತ್ತಿ ಹಿಡಿದಿದ್ದನ್ನು ಕಿಟಕಿಯಿಂದ ಕಂಡಿದ್ದರು. ವಿಡಿಯೋ ಮಾಡಿ ಮತಾಂತರವೆಂದು ಕಂಪ್ಲೇಂಟ್ ಕೊಡುತ್ತಾನೆ ಎಂದು ಭಯ. ಒಳಗಿನ ಮೈಕು ಹಾಗೇ ನಡೆಯುತ್ತಿತ್ತು, ನಾವೆಲ್ಲ ಕಥೆಯನ್ನು ಕೊನೆವರೆಗೂ ಕೇಳಿದೆವು. ಹೊರಗೆ ಮಾತ್ರ ಅದು ಅಲ್ಲಿಗೇ ನಿಂತಿತು.

ಆ ಬೈಕಿನವನು ಹೆಂಡತಿಗೆ ವಿಡಿಯೋ ಕಾಲಿನಲ್ಲಿ ಸೊಪ್ಪು ತೋರಿಸುತ್ತಿದ್ದನಂತೆ, ಯಾವುದು ತರಲಿ ಅಂತ. ಪಕ್ಕದಲ್ಲಿ ಹೂವು ಮಾರುವ ಭಾಗ್ಯ ಆಮೇಲೆ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾವು ಯಾರೂ ಏನೂ ಅನ್ನದೆಯೇ ಮುಟ್ಟಿ ನೋಡಿಕೊಂಡೆವು.

ಆರಾಧನೆ ಮುಗಿಸಿ ಬಂದರೆ ಚಿಕ್ಕಸಿದ್ದಮ್ಮ ನನ್ನ ಸೆರಗು ಹಿಡಿದಳು. "ನರ್ಸಮ್ಮ, ಕತೆ ಅರ್ಧಕ್ಕೇ ನಿಂತೋಯ್ತು ಕಣ್ರವ್ವ. ಮಗ ಬತ್ತಿದ್ದ, ಅಪ್ಪ ನೋಡ್ದ. ಆಮೇಕೆ ಏನ್ ಮಾಡ್ದ ಅಪ್ಪ?"

"ಮನೇಲಿ ನೆಂಟರಿದ್ದಾರೆ ಕಣಮ್ಮ. ಮುಂದಿನ ವಾರ ಹೇಳ್ತೀನಿ" ಅಂದೆ. ಒಂದು ನಿಮಿಷದ ಮಾತು ಅದು. ಕುಕ್ಕರಿನಲ್ಲಿದ್ದ ಮಟನ್ನಿನ ಯೋಚನೆ ನನಗೆ.

ಆ ವಾರವೇ ನಾನೂ ಇರುವ ಚರ್ಚಿನ ಸಭಾ ಸಮಿತಿ ಸೇರಿತು. ಯಾವುದೋ ಊರಿನಲ್ಲಿ ಮನೆಪ್ರಾರ್ಥನೆಗೆ ಪೊಲೀಸರು ಬಂದರಂತೆ, ಕಾಲ ಸರಿಯಿಲ್ಲ, ಹಾರ್ನ್ ಬೇಡ, ಗೇಟಿನಾಚೆ ಹೊರಗಿನವರ ಜೊತೆ ಯಾರೂ ದೇವರ ವಿಷಯ ಎತ್ತಕೂಡದು ಎಂದು ಕಾಂತರಾಜ್ ಬರೆದು ತಂದಿದ್ದರು. ಅವರ ಭಯ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ತೀರ್ಮಾನಕ್ಕೆ ಸಹಿ ಹಾಕುವಾಗ ನನಗೆ ಹಾಯೆನಿಸಿತು, ಅದನ್ನೂ ಹೇಳಿಬಿಡುತ್ತೇನೆ. ಮಾಡದ ಕೆಲಸಕ್ಕೆ ಒಂದು ಕಾರಣ ಸಿಕ್ಕಿತ್ತು.

ಮುಂದಿನ ಭಾನುವಾರ ಅವಳು ನನಗಾಗಿಯೇ ಕಾಯುತ್ತಿದ್ದಳು. ಎಳೆಯ ದಂಟನ್ನು ಬೇರೆ ತೆಗೆದಿಟ್ಟಿದ್ದಳು.

"ಮಾದೇವ ಫೋನ್ ಮಾಡ್ಸವ್ನೆ ನರ್ಸಮ್ಮ. ಈ ವಾರ ಬತ್ತೀನಿ ಅಂದವ್ನೆ. ನಂಗೆ ಏನ್ ಮಾಡ್ಬೇಕು ಅಂತ ತಿಳೀದು. ಎಮ್ಮೆ ನೆಪ್ಪಾದ್ರೆ ಒಟ್ಟೆ ಉರೀತದೆ. ನಿಮ್ ಸ್ವಾಮಿ ಏಳ್ದ ಕತೇಲಿ ಆ ಅಪ್ಪ ಏನ್ ಮಾಡ್ದ ಅಂತ ಏಳ್ಬುಡಿ, ಅಂಗೇ ಮಾಡ್ತೀನಿ."

ಗೇಟಿನಲ್ಲಿ ಕಾಂತರಾಜ್ ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು. ಅವಳು ನಿಮ್ಮ ಮತಕ್ಕೆ ಸೇರಿಸಿ ಎನ್ನಲಿಲ್ಲ, ದೀಕ್ಷಾಸ್ನಾನ ಕೇಳಲಿಲ್ಲ, ಒಂದು ಕಥೆಯ ಕೊನೆ ಕೇಳಿದಳು. ನಾನು ಸೊಪ್ಪನ್ನು ಚೀಲಕ್ಕೆ ಹಾಕಿಕೊಂಡು, "ಅದೆಲ್ಲ ಯಾಕೀಗ? ನಿನ್ನ ಮನಸ್ಸು ಹೇಳಿದ ಹಾಗೆ ಮಾಡಮ್ಮ" ಅಂದೆ. ಬಹಳ ಜಾಣತನದ ಮಾತು ಆಡಿದೆ ಎಂದುಕೊಂಡು ಆಟೋ ಹತ್ತಿದೆ.

ಆಮೇಲಿನ ಎರಡು ಭಾನುವಾರ ಗೋಣಿಚೀಲದ ಜಾಗ ಖಾಲಿ. ಮೂರನೆಯ ವಾರವೂ ಕಾಣದಾಗ ಭಾಗ್ಯನನ್ನು ಕೇಳಿದೆ. "ಅವಳ ಮಗ ಓಗ್ಬುಟ್ನಂತೆ ನರ್ಸಮ್ಮ, ಕೊಡಗಲ್ಲಿ" ಅಂದಳು. ಓಗ್ಬುಟ್ಟ ಅಂದರೆ ಏನೆಂದು ನಾನು ಮತ್ತೆ ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ಗಾವಡಗೆರೆ ಬಸ್ಸು ಹತ್ತಿದೆ. ಅಷ್ಟು ವರ್ಷಗಳಲ್ಲಿ ಅವಳ ಮನೆಗೆ ಮೊದಲ ಸಲ ಹೋಗಿದ್ದು ಆವತ್ತು.

ಒಂದೇ ಅಂಕಣದ ಮನೆ, ಎದುರಿಗೆ ಒಂದು ಹೊಂಗೆಮರ. ಚಿಕ್ಕಸಿದ್ದಮ್ಮ ಬಾಗಿಲಲ್ಲಿ ಕೂತಿದ್ದಳು. ನನ್ನನ್ನು ಕಂಡು ಚಾಪೆ ತರಲು ಎದ್ದಳು. ನಾನು ಬೇಡವೆಂದು ಅವಳ ಪಕ್ಕ ಹೊಸ್ತಿಲ ಮೇಲೆ ಕೂತೆ.

ಕೇಳದೆಯೇ ಹೇಳಿದಳು. ನಾನು ಆ ಮಾತು ಹೇಳಿದ ಮೇಲಿನ ಮಂಗಳವಾರವೇ ಮಧ್ಯಾಹ್ನ ಮಾದೇವ ಬಂದನಂತೆ. ಕಣ್ಣು ಅರಿಶಿನದ ಬಣ್ಣ, ಕಾಲು ಊದಿತ್ತು. ಮನೆ ತನಕ ಬರಲು ಧೈರ್ಯ ಸಾಲದೆ ಹೊಂಗೆಮರದ ಕೆಳಗೆ ನಿಂತು "ಅವ್ವೋ" ಅಂದನಂತೆ.

"ನೀವೇಳ್ದಂಗೇ ಮಾಡ್ದೆ ಕಣ್ರವ್ವ. ಮನ್ಸು ಬ್ಯಾಡ ಅಂತು. ಚಿಲ್ಕ ಆಕ್ಬುಟ್ಟೆ. ಒತ್ತು ಮುಳುಗೋಗಂಟ ನಿಂತಿದ್ದ. ನಾನು ಒಳ್ಗೆ ಕುಂತು ಕಿಟ್ಕೀಲಿ ನೋಡ್ತಿದ್ದೆ. ನಾಕು ದಿನಕ್ಕೆ ತೋಟದ ಕೂಲಿಯೋರ ಲೈನ್ ಮನೇಲಿ ತೀರ್ಕಂಡ ಅಂತ ಫೋನ್ ಬಂತು."

ನಾನು ನರ್ಸು. ಕಣ್ಣು ಅರಿಶಿನ, ಕಾಲು ಊತ ಎಂದರೆ ಕುಡಿತಕ್ಕೆ ಲಿವರ್ ಹೋಗಿದೆ ಎಂದು ನನಗೆ ಗೊತ್ತು. ಬಾಗಿಲು ತೆಗೆದಿದ್ದರೂ ಅವನು ಬಹಳ ದಿನ ಬದುಕುತ್ತಿರಲಿಲ್ಲ. ಆದರೆ ತಾಯಿಯ ಕೈಯಲ್ಲಿ ಗಂಜಿ ಕುಡಿದು ಸಾಯುತ್ತಿದ್ದ. ಅದನ್ನು ತಪ್ಪಿಸಿದವಳು ನಾನು. ಕಾಂತರಾಜ್ ಅಲ್ಲ, ಸಮಿತಿಯೂ ಅಲ್ಲ.

"ಈಗ್ಲಾದ್ರೂ ಏಳಿ ನರ್ಸಮ್ಮ" ಅಂದಳು ಚಿಕ್ಕಸಿದ್ದಮ್ಮ. "ಆ ಅಪ್ಪ ಏನ್ ಮಾಡ್ದ?"

ಕಥೆಯ ನಿಜವಾದ ಕೊನೆ ಹೇಳಿದರೆ ಆ ತಾಯಿಯ ಜೀವ ಉಳಿಯುತ್ತದೆ ಎಂದು ನನಗೆ ಅನ್ನಿಸಲಿಲ್ಲ. "ಅವನೂ ಬಾಗಿಲು ಹಾಕ್ಕೊಂಡ ಕಣಮ್ಮ" ಅಂದೆ. "ಹೆತ್ತೋರಿಗೆ ಕೋಪ ಇರಲ್ವಾ?" ಗೇಟಿನಾಚೆ ನಾನು ಸಾರಿದ ಮೊದಲ ಸುವಾರ್ತೆ ಈ ಸುಳ್ಳು.

ಅವಳು ನನ್ನ ಮುಖ ನೋಡಿ ಅಡ್ಡಡ್ಡ ತಲೆಯಾಡಿಸಿದಳು.

"ಇಲ್ಲ ಬುಡಿ. ಅಷ್ಟು ಏಳಕ್ಕೆ ಯಾರೂ ಮೈಕ್ ಕಟ್ಟಕಿಲ್ಲ. ಬಾಗ್ಲು ಆಕ್ಕೊಳೋದು ಎಲ್ರಿಗೂ ಗೊತ್ತಿರೋದೇ, ಅದ್ಕೆ ನಿಮ್ ಸ್ವಾಮಿ ಬರ್ಬೇಕಾಗಿರ್ನಿಲ್ಲ. ದಿಟ ಏಳಿ."

ಹೇಳಿದೆ. ಮಗ ಇನ್ನೂ ದೂರದಲ್ಲಿರುವಾಗಲೇ ಆ ಅಪ್ಪ ಓಡಿಹೋದ, ಅವನು ತಪ್ಪಾಯಿತು ಎನ್ನುವ ಮೊದಲೇ ತಬ್ಬಿಕೊಂಡ, ಮುತ್ತಿಟ್ಟ, ಹೊಸ ಬಟ್ಟೆ ತರಿಸಿದ, ಮನೆಯಲ್ಲಿ ಹಬ್ಬದಡಿಗೆ ಮಾಡಿಸಿದ. ಹೇಳುತ್ತಾ ನಾನೇ ಅತ್ತೆ. ಅವಳು ಅಳಲಿಲ್ಲ. ಹೊಸ್ತಿಲಿನಿಂದ ಹೊಂಗೆಮರದವರೆಗೆ ಒಂದು ಸಲ ಕಣ್ಣಲ್ಲೇ ಅಳೆದಳು.

"ವಯಸ್ಸಾದ ಅಪ್ಪ ಓಡ್ದ" ಅಂದಳು. "ನಾನು ಓಡೋದೂ ಬ್ಯಾಡಾಗಿತ್ತು ಕಣ್ರವ್ವ. ಎದ್ದು ಚಿಲ್ಕ ತೆಗೆದಿದ್ರೆ ಸಾಕಿತ್ತು. ಗೊತ್ತಿದ್ದಿದ್ರೆ ತೆಗೀತಿದ್ದೆ."

ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು. ಮಧ್ಯಾಹ್ನದ ಬಸ್ಸು ಬಂದು ಹೋಯಿತು, ಸಂಜೆಯ ಬಸ್ಸು ಬರುವವರೆಗೂ ನಾವಿಬ್ಬರೂ ಆ ತೆರೆದ ಬಾಗಿಲಲ್ಲಿ ಕೂತಿದ್ದೆವು.