ಕೇಳಿಸಿಕೊಳ್ಳುವ ವಿದ್ಯೆ

"ಎಂಕ್ ಪೋಡಿಗೆ ಆಪುಂಡು."

ಸ್ವರ್ಣಲತಾ ದೋಸೆ ಮಗುಚುತ್ತ ತುಳುವಿನಲ್ಲಿ ಹೇಳಿದಳು. ನನಗೆ ಹೆದರಿಕೆಯಾಗುತ್ತದೆ. ಅಷ್ಟೇ.

ಲೋಕನಾಥ ಲೋಟ ಕೆಳಗಿಟ್ಟು ಹೆಂಡತಿಯ ಕಡೆ ಪೂರ್ತಿ ತಿರುಗಿದ. ಸ್ವಲ್ಪ ಕಾದ. ಆಮೇಲೆ ಕನ್ನಡದಲ್ಲಿ, "ನಿನಗೆ ಹೆದರಿಕೆ ಆಗ್ತದೆ ಅಂತ ನೀನು ಹೇಳ್ತಾ ಇದ್ದಿ," ಎಂದ.

"ಇದಕ್ಕೇ ಹೆದರಿಕೆ," ಎಂದಳು ಅವಳು.

ಮೂಡಬಿದಿರೆಯ ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತಿದ್ದ ಲೋಕನಾಥ ಭಾನುವಾರಗಳಲ್ಲಿ ವ್ಯಕ್ತಿತ್ವ ವಿಕಸನ ಶಿಬಿರ ನಡೆಸುತ್ತಿದ್ದ. ಮನಸ್ಸು ಗೆಲ್ಲುವುದು ಹೇಗೆ, ಕೋಪ ನುಂಗುವುದು ಹೇಗೆ, ಎದುರಿನವರ ಮಾತನ್ನು ಅವರಿಗೇ ಮರಳಿಸಿ ಅವರ ಭಾರ ಇಳಿಸುವುದು ಹೇಗೆ. ಎಲ್ಲವೂ ಮಂಗಳೂರಿನಿಂದ ತಂದ ಇಂಗ್ಲಿಷ್ ಪುಸ್ತಕಗಳ ಕೃಪೆ. ಅವುಗಳನ್ನು ಅವನು ಕನ್ನಡಕ್ಕೆ ತಂದುಕೊಂಡಿದ್ದ, ತುಳುವಿಗೆ ತಂದಿರಲಿಲ್ಲ. ಮನೆಮಾತಿಗೆ ಇದೆಲ್ಲ ಯಾಕೆ? ಹಾಗಾಗಿ ಮನೆಯಲ್ಲಿ ವಿದ್ಯೆ ಪ್ರಯೋಗಿಸಬೇಕಾದಾಗೆಲ್ಲ ನಾಲಿಗೆ ಕನ್ನಡಕ್ಕೆ ಜಾರುತ್ತಿತ್ತು. ಈಚೆಗೆ ಅವನು ಮನೆಯಲ್ಲಿ ತುಳು ಮಾತಾಡುವುದೇ ಅಪರೂಪವಾಗಿತ್ತು.

"ಅಮ್ಮ ಸತ್ತ ದಿನ ನೀವು ನನ್ನ ಕೈ ಹಿಡಿದು ಕೂತಿದ್ರಿ," ಎಂದಳು ಸ್ವರ್ಣಲತಾ. "ಎಲ್ಲ ಸರಿಯಾಗಿಯೇ ಹೇಳಿದ್ರಿ. ನನಗೆ ರೇಡಿಯೋ ಹತ್ರ ಕೂತ ಹಾಗೆ ಆಯ್ತು. ಮೊದಲು ನಿಮಗೆ ಸಿಟ್ಟಾದ್ರೂ ಬರ್ತಿತ್ತು."

"ಸಿಟ್ಟು ಹೋದದ್ದು ಒಳ್ಳೆಯದೇ ಅಲ್ವಾ?"

"ನೀವು ಒಳಗೆ ಬಂದ ಕೂಡಲೇ ಮನೆಯಲ್ಲಿ ಯಾರೂ ಇಲ್ಲ ಅಂತ ಅನಿಸ್ತದೆ." ದೋಸೆಯನ್ನು ಅವನ ತಟ್ಟೆಗೆ ಹಾಕಿದಳು. "ಸಂಜೆ ಬಸ್ಸಿಗೆ ನೆರಿಯಕ್ಕೆ ಹೋಗ್ತೇನೆ, ಅಣ್ಣನ ಮನೆಗೆ. ಹಿಂದೆ ಬರುವುದು ಗೊತ್ತಿಲ್ಲ. ಹೋಗುವುದು ಬೇಡ ಅಂತ ಇದ್ರೆ ಹೇಳಿ. ನೀವೇ ಹೇಳಬೇಕು."

ಅವನಿಗೆ ತಕ್ಷಣ ಉತ್ತರ ಹೊಳೆಯಿತು. ಅದು ಯಾವ ಪುಸ್ತಕದ ಯಾವ ಅಧ್ಯಾಯದ್ದು ಎಂಬುದೂ ಹೊಳೆಯಿತು. ಬಸ್ಸಿಗೆ ಹೊತ್ತಾಯಿತೆಂದು ಎದ್ದ.

ಆ ಭಾನುವಾರದ ಶಿಬಿರವಿದ್ದದ್ದು ವಾಮದಪದವಿನ ಶಾಲೆಯಲ್ಲಿ. ಪ್ರಾತ್ಯಕ್ಷಿಕೆಗೆಂದು ಮುಂದೆ ಬಂದು ಕೂತವಳು ಪದ್ಮಾಕ್ಷಿ, ಅದೇ ಶಾಲೆಯ ಟೀಚರು. ಗಂಡ ದುಬೈಯಲ್ಲಿ. ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಕಳಿಸುತ್ತಾನೆ.

"ನಾನೂ ಮಾತಾಡಿ ಕಳಿಸ್ತೇನೆ ಸರ್. ನಾನು ಮಾತಾಡುವಾಗ ಟೇಪು ತಿರುಗ್ತಾ ಇರ್ತದೆ."

"ನೀವು ಮಾತಾಡುವಾಗ ಟೇಪು ತಿರುಗ್ತಾ ಇರ್ತದೆ," ಎಂದ ಲೋಕನಾಥ ಮೆಲ್ಲಗೆ.

ಅವಳು ಎಲ್ಲರೆದುರೇ ಅತ್ತಳು. ಮುಖ ಮುಚ್ಚಿಕೊಂಡು, ಭುಜ ಕುಣಿಸಿ ಅತ್ತಳು. ಕಣ್ಣೊರೆಸಿಕೊಂಡು, "ಇಷ್ಟು ವರ್ಷದಲ್ಲಿ ನನ್ನ ಮಾತನ್ನು ಯಾರೂ ಹೀಗೆ ಕೇಳ್ಲಿಲ್ಲ ಸರ್," ಎಂದಳು. ಸಭೆ ಚಪ್ಪಾಳೆ ತಟ್ಟಿತು.

ಅವಳು ಅಳುತ್ತಿದ್ದಷ್ಟು ಹೊತ್ತೂ ಅವನು ಯೋಚಿಸುತ್ತಿದ್ದದ್ದು ಅಡುಗೆಯವರು ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದ ವಿಷಯ. ಕನಿಕರಕ್ಕಾಗಿ ಒಳಗೆಲ್ಲ ತಡಕಿದ್ದ, ಸಿಕ್ಕಿರಲಿಲ್ಲ. ಚಪ್ಪಾಳೆಯ ನಡುವೆ ಅವನಿಗೆ ಮೊದಲ ಬಾರಿ ಹೆದರಿಕೆಯಾಯಿತು. ಸ್ವರ್ಣಲತಾ ಬೆಳಿಗ್ಗೆ ಏನನ್ನು ಕಂಡು ಹೆದರಿದ್ದಳೋ, ಅದನ್ನು ಈಗ ಅವನೂ ಕಂಡಿದ್ದ. ಸಮಾರೋಪವನ್ನು ಅರ್ಧಕ್ಕೆ ಬಿಟ್ಟು ಸಿಕ್ಕಿದ ಬಸ್ಸು ಹತ್ತಿದ.

ಮೂಡಬಿದಿರೆಯಲ್ಲಿ ಇಳಿದಾಗ ನೆರಿಯದ ಕಡೆಗೆ ಹೋಗುವ ಬೆಳ್ತಂಗಡಿ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯಲ್ಲಿ ಸ್ವರ್ಣಲತಾ. ಅವನು ಓಡಿ ಬರುವುದನ್ನು ನೋಡಿ ಕಿಟಕಿಯ ಸರಳಿನ ಮೇಲೆ ಕೈ ಇಟ್ಟಳು. ಅವಳು ಕಾಯುತ್ತಿದ್ದಳು, ಅದರಲ್ಲಿ ಸಂಶಯವಿರಲಿಲ್ಲ.

ಒಂದೇ ಪದ ಸಾಕಿತ್ತು, ಹೋಗಬೇಡ ಎಂಬುದಕ್ಕೆ ತುಳುವಿನಲ್ಲಿರುವ ಒಂದು ಪದ. ತಗ್ಗಿದ ದನಿಯಲ್ಲಿ ಹೇಳಲೇ? ಅದು ಪಾಠ. ಕೈ ಮುಟ್ಟಲೇ? ಅದೂ ಪಾಠ. ಅತ್ತುಬಿಡಲೇ? ನಿಮ್ಮ ದೌರ್ಬಲ್ಯ ತೋರಿಸಿ, ಎದುರಿನವರು ಹತ್ತಿರವಾಗುತ್ತಾರೆ ಎಂದು ಹೋದ ತಿಂಗಳು ಬಂಟ್ವಾಳದಲ್ಲಿ ಅವನೇ ಭಾಷಣ ಬಿಗಿದಿದ್ದ. ತಾನೇ ಮುಂದಾಗಿ ಹೋಗಿ ಎಲ್ಲ ದಾರಿಗೂ ಬೇಲಿ ಹಾಕಿ ಬಂದಂತಾಗಿತ್ತು.

"ಪೋವೊಡ್ಚಿ," ಎಂದ. ಕಣ್ಣಲ್ಲಿ ನೀರೂ ಬಂತು.

ಅವಳು ಅವನ ಮುಖವನ್ನು ನೋಡಿದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ. "ಇದು ಪುಸ್ತಕದ್ದಾ, ನಿಮ್ಮದಾ?"

ಅವನು ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ. ಗೊತ್ತಾಗಲಿಲ್ಲ. ಗೊತ್ತಿಲ್ಲ ಎಂದಾದರೂ ಹೇಳಬಹುದಿತ್ತು, ಆದರೆ ಆ ಮಾತನ್ನು ಯಾವ ದನಿಯಲ್ಲಿ ಹೇಳುವುದೆಂದು ಆರಿಸುತ್ತಿದ್ದಾಗ ಕಂಡಕ್ಟರು ಶಿಳ್ಳೆ ಹಾಕಿದ. ಸ್ವರ್ಣಲತಾ ಸರಳಿನಿಂದ ಕೈ ತೆಗೆದಳು. ಬಸ್ಸು ಹೋಯಿತು.

ಅವನು ನಿಲ್ದಾಣದ ಬೆಂಚಿನ ಮೇಲೆ ಕುಳಿತ. ಪಕ್ಕದಲ್ಲಿ ಬೀಡಿಯ ಖಾಲಿ ಮೊರ ಮಡಿಲಲ್ಲಿಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದಳು. ಅವನು ವಿಚಾರಿಸದಿದ್ದರೂ ತನ್ನ ಹೆಸರು ನಬೀಸಾ ಎಂದಳು. ಕಟ್ಟಿದ ಬೀಡಿಯನ್ನು ಕಂಟ್ರಾಕ್ಟರಿಗೆ ಕೊಟ್ಟು ಬರುವಷ್ಟರಲ್ಲಿ ಬಸ್ಸು ತಪ್ಪಿತಂತೆ. ಮಂಡಿ ನೋಯುತ್ತದಂತೆ. ಸೊಸೆ ಮಾತು ಬಿಟ್ಟಿದ್ದಾಳಂತೆ. ಲೋಕನಾಥ ಅವಳ ಕಡೆ ಪೂರ್ತಿ ತಿರುಗಿ ತಲೆಯಾಡಿಸುತ್ತ ಕೇಳಿದ.

"ನಿಮ್ಮ ಹಾಗೆ ಕೇಳುವವರು ಈಗ ಎಲ್ಲಿ ಇದ್ದಾರೆ," ಎಂದು ಅವಳು ಎದ್ದಳು. ಅವಳ ಬಸ್ಸು ಬಂದಿತ್ತು.

ಅವಳು ಹೋದಳು. ನಿಲ್ದಾಣದ ಅಂಗಡಿಯವನು ಬಾಗಿಲಿಗೆ ಹಲಗೆ ಹಾಕಿ ಹೊರಟ. ಬೆಂಚಿನ ಆ ತುದಿ ಖಾಲಿಯಾಗಿತ್ತು. ಲೋಕನಾಥ ಇನ್ನೂ ಅತ್ತಲೇ ತಿರುಗಿ ತಲೆಯಾಡಿಸುತ್ತಿದ್ದ. ನಿಲ್ಲಿಸಬೇಕೆಂದುಕೊಂಡ, ನಿಲ್ಲಲಿಲ್ಲ. ಎರಡೂ ಕೈಗಳಿಂದ ಗಲ್ಲವನ್ನು ಬಿಗಿಯಾಗಿ ಹಿಡಿದುಕೊಂಡ. ತಲೆಯ ಜೊತೆಗೆ ಕೈಗಳೂ ಮೇಲೆ ಕೆಳಗೆ ಆಡತೊಡಗಿದವು.